ಬಂಡ-೧, ಬಂಡ-೨

ಗಿಣಿ ಎರಡು ವರ್ಷ ಕೂತು ಬರೆದ ಜಗಳವನ್ನು ಜನ ಎರಡೇ ಸೆಕೆಂಡಿನಲ್ಲಿ ದಾಟಿ ಹೋಗುತ್ತಿದ್ದರು.

ಜಗಳವಿದ್ದದ್ದು ಒಂದು ವಿಡಿಯೋ ಗೇಮಿನ ಒಳಗೆ. ಆಡುವವರೇ ಕಥೆಯೊಳಗೊಂದು ಪಾತ್ರವಾಗಿ, ಸಿಕ್ಕಸಿಕ್ಕವರನ್ನು ಮಾತಾಡಿಸಿ, ಕೊನೆಗೆ ಯಾರ ಪಕ್ಕ ನಿಲ್ಲಬೇಕೆಂದು ತಾವೇ ತೀರ್ಮಾನಿಸುವ ಬಗೆಯ ಆಟ. ಹೆಸರು 'ಗಂಟೆಯೂರು'. ಆ ಊರಿನಲ್ಲಿ ಎಲ್ಲರೂ ಗಂಟೆ ಎರಕ ಹೊಯ್ಯುವವರು. ಕುಲುಮೆ ಮಾತ್ರ ಒಬ್ಬನದು. ಆಟ ಮುಕ್ಕಾಲು ಮುಗಿದ ಮೇಲೆ ಕುಲುಮೆಯ ಒಡೆಯನೂ ಕೆಲಸಗಾರರ ಮುಂದಾಳೂ ಎದುರುಬದುರು ನಿಂತು, ಕುಲುಮೆ ಯಾರಿಗೆ ಸೇರಬೇಕೆಂದು ವಾದ ಮಾಡುತ್ತಾರೆ. ಆಡುವವರು ಅದನ್ನು ಕೇಳಿ ಒಂದು ಕಡೆ ಸೇರಬೇಕು. ಒಬ್ಬ ಬಂಡವಾಳಿಗ, ಇನ್ನೊಬ್ಬ ಬಂಡಾಯಗಾರ. ಮೊದಲಕ್ಷರವನ್ನು ಕೊಂಚ ಒತ್ತಿ ಹೇಳಿದರೆ ಇಬ್ಬರೂ ಭಂಡರೇ ಎಂದು ಗಿಣಿ ಮೊದಲ ದಿನದ ಮೀಟಿಂಗಿನಲ್ಲೇ ಹೇಳಿದ್ದಳು. ಯಾರೂ ನಗಲಿಲ್ಲ. ಒಬ್ಬರು ಅದನ್ನು ಬರೆದುಕೊಂಡರು, ಅದು ಇನ್ನೂ ಕಷ್ಟವಾಯಿತು.

ಗಿಣಿ ಎನ್ನುವುದು ಮನೆಯವರು ಕೊಟ್ಟ ಹೆಸರು. ಮಾತು ಬರುವ ಮೊದಲೇ ಅವಳಿಗೆ ಬೇರೆಯವರ ಮಾತು ಬರುತ್ತಿತ್ತು. ಆಫೀಸಿನಲ್ಲಿ ಲಿಫ್ಟಿನ ಹೆಂಗಸಿನ ಧ್ವನಿಯಲ್ಲಿ 'ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ' ಎಂದು ಮೂರನೇ ಮಹಡಿಯ ಲೆಕ್ಕಿಗರನ್ನು ಒಮ್ಮೆ ಹಿಮ್ಮೆಟ್ಟಿಸಿದ ಮೇಲೆ ಹೆಸರು ಅಲ್ಲಿಗೂ ಬಂತು. ಅವಳ ಕೆಲಸ ಆಟದ ಪಾತ್ರಗಳಿಗೆ ಮಾತು ಬರೆಯುವುದು. ಯಾರಾದರೂ ಕೇಳಿದರೆ ಅಮ್ಮ, 'ಪಾತ್ರದ ಕೆಲಸ' ಎನ್ನುತ್ತಿದ್ದಳು; ಕೇಳಿದವರು ಯಾವ ಹೋಟೆಲಿನಲ್ಲಿ ಎಂದು ವಿಚಾರಿಸುತ್ತಿದ್ದರು.

ಹಾಗೆ ನೋಡಿದರೆ ಅವರದ್ದೂ ಪೂರ್ತಿ ತಪ್ಪಲ್ಲ. ಆಟದಲ್ಲಿ ಗಿಣಿ ಬರೆದ ಮಾತಿನಲ್ಲಿ ಬಹುಪಾಲು, ಕಾವಲುಗಾರರು ಹೇಳುವ 'ಈ ದಾರಿ ಮುಚ್ಚಿದೆ', ಅಂಗಡಿಯವನು ಹೇಳುವ 'ಇನ್ನೇನು ಬೇಕು' ಇಂಥವೇ. ತೊಳೆದು ಬೋರಲು ಹಾಕಿದ ಪಾತ್ರೆಗಳಂತೆ ಒಂದರಂತೆ ಇನ್ನೊಂದು. ಆ ಜಗಳವೊಂದು ಮಾತ್ರ ಅವಳದು. ಅದು ಹೋದರೆ ಆಟದಲ್ಲಿ ಅವಳು ಉಳಿಯುವುದು ಮುಚ್ಚಿದ ದಾರಿಯಾಗಿ.

ಹೋಗುವ ಲಕ್ಷಣವೇ ಕಾಣುತ್ತಿತ್ತು. ಕಂಪನಿಯ ಯಜಮಾನನನ್ನು ಎಲ್ಲರೂ ಬೆನ್ನ ಹಿಂದೆ ಸ್ಕಿಪ್ಪಯ್ಯ ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ; ಪ್ರಪಂಚದಲ್ಲಿ ಎರಡೇ ಬಗೆಯ ವಸ್ತುಗಳಿವೆ, ಜನ ದಾಟಿ ಹೋಗುವಂಥವು ಮತ್ತು ದಾಟದಂಥವು ಎಂದು ನಂಬಿದವನು, ಅಷ್ಟೇ. ವಾರಕ್ಕೊಮ್ಮೆ ಹೊರಗಿನ ಹುಡುಗ ಹುಡುಗಿಯರನ್ನು ಕರೆಸಿ ಆಟ ಆಡಿಸಿ, ಅವರ ಬೆನ್ನ ಹಿಂದೆ ಟೀ ಲೋಟ ಹಿಡಿದು ನಿಂತು, ಯಾರ ಹೆಬ್ಬೆರಳು ಯಾವಾಗ ಸ್ಕಿಪ್ ಗುಂಡಿಗೆ ಹೋಗುತ್ತದೆಂದು ನೋಡುತ್ತಿದ್ದ. ಗಿಣಿಯ ಜಗಳ ಶುರುವಾದರೆ ಸಾಕು, ಎಲ್ಲ ಹೆಬ್ಬೆರಳುಗಳೂ ಒಂದೇ ಸಂಘದ ಸದಸ್ಯರಂತೆ ಒಟ್ಟಿಗೆ ಏಳುತ್ತಿದ್ದವು.

ಅಲ್ಲಿಯವರೆಗೆ ಆ ದೃಶ್ಯದ ಎರಡೂ ಧ್ವನಿ ತಾತ್ಕಾಲಿಕವಾಗಿ ಗಿಣಿಯದೇ. ತನ್ನ ಜೊತೆ ತಾನೇ ಕೂತು ಆಡುವ ಜಗಳದಲ್ಲಿ ಇಬ್ಬರೂ ಮರ್ಯಾದಸ್ಥರಾಗಿಬಿಡುತ್ತಾರೆ. ಒಬ್ಬ ಮುಗಿಸುವ ತನಕ ಇನ್ನೊಬ್ಬ ಕಾಯುತ್ತಾನೆ.

"ಮುಂದಿನ ಟೆಸ್ಟಲ್ಲೂ ಜನ ದಾಟಿದ್ರೆ ಇದನ್ನ ತೆಗೆದು ಎರಡು ಗುಂಡಿ ಇಡೋಣ" ಎಂದ ಸ್ಕಿಪ್ಪಯ್ಯ. "'ಕುಲುಮೆ ಉಳಿಸು', 'ಕುಲುಮೆ ಒಡೆ'. ಮಧ್ಯದಲ್ಲಿ ವಾದ ಯಾಕೆ, ಬೇಕಾದೋರು ಮನೇಲಿ ಮಾಡ್ಕೊಳ್ಳಲಿ."

ಗಿಣಿಯ ನೆರವಿಗೆ ಬಂದವನು ಕಥಾವಿಭಾಗದ ಮುಖ್ಯಸ್ಥ. ಪ್ರತಿ ಮಾತಿನಲ್ಲೂ ಪ್ರಾತಿನಿಧ್ಯ ಎನ್ನುತ್ತಿದ್ದರಿಂದ ಅವನ ಹೆಸರೇ ಪ್ರಾತಿನಿಧ್ಯ ಎಂದಾಗಿತ್ತು. ಅವನ ಸಿದ್ಧಾಂತ ಸರಳ: ಅವರವರ ಕಥೆ ಅವರವರ ಬಾಯಲ್ಲೇ ಬರಬೇಕು. ಕಮ್ಮಾರನಿಗೆ ಕಮ್ಮಾರನ ಧ್ವನಿ, ಮುದುಕಿಗೆ ಮುದುಕಿಯ ಧ್ವನಿ. ಆಟದಲ್ಲೊಂದು ದೆವ್ವ ಇತ್ತು, ಅದರ ಬಗ್ಗೆ ಮೀಟಿಂಗ್ ಇನ್ನೂ ನಡೆಯುತ್ತಿತ್ತು. ಹಾಗಾಗಿ, ನಿಜವಾದ ಸಂಘದ ಮನುಷ್ಯನೊಬ್ಬ, ನಿಜವಾದ ಮಾಲೀಕನೊಬ್ಬ ಸಿಕ್ಕರೆ ಜನ ಕೇಳುತ್ತಾರೆ ಎಂದು ಅವನು ಸ್ಕಿಪ್ಪಯ್ಯನನ್ನು ಒಪ್ಪಿಸಿದ. ಎಲ್ಲಿಂದ ತರೋದು ಎಂದು ಸ್ಕಿಪ್ಪಯ್ಯ ಕೇಳಿದ.

ಗಿಣಿಯ ಮನೆಯಲ್ಲಿ ಎರಡೂ ಸ್ಟಾಕಿದ್ದವು.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಇನ್ನೂ ನಿವೃತ್ತನಾಗದವನು. ಅವನ ತಮ್ಮ, ಗಿಣಿಯ ಚಿಕ್ಕಪ್ಪ, ಹಾಸಿಗೆ ಕಾರ್ಖಾನೆಯ ಒಡೆಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ತನ್ನ ವ್ಯಾಪಾರಕ್ಕೆ ಯಾರೋ ಹೊಟ್ಟೆಕಿಚ್ಚಿನವರು ಕಟ್ಟಿದ್ದು ಎಂದು ಅವನ ಅಭಿಪ್ರಾಯ. ಚಾಚಿದ ಕಾಲಿಗೆ ತಕ್ಕ ಹಾಸಿಗೆ ಮಾಡಿಕೊಡುವುದೇ ಅವನ ಕಸುಬು. ಗಿಣಿ ಚಿಕ್ಕವಳಿದ್ದಾಗ ಭಾನುವಾರ ಬಂತೆಂದರೆ ದುಡಿಮೆಯೂ ಬಂಡವಾಳವೂ ಒಂದೇ ಮೇಜಿನಲ್ಲಿ ಅಕ್ಕಪಕ್ಕ ಕೂತು ಉಣ್ಣುತ್ತಿದ್ದವು. ಉಣ್ಣುತ್ತಲೇ ಜಗಳ. ಜಗಳ ಕಾವೇರಿದಾಗ ಅಪ್ಪ ತಮ್ಮನ ಧ್ವನಿಯಲ್ಲಿ ಮಾತಾಡತೊಡಗುತ್ತಿದ್ದ, ಚಿಕ್ಕಪ್ಪ ಅಣ್ಣನ ಧ್ವನಿಯಲ್ಲಿ ಉತ್ತರ ಕೊಡುತ್ತಿದ್ದ. ಅಮ್ಮ, ಚಿಕ್ಕಮ್ಮ ನಕ್ಕು ನಕ್ಕು ಬಡಿಸುವುದನ್ನು ಮರೆಯುತ್ತಿದ್ದರು. ಅನುಕರಣೆ ಗಿಣಿಗೆ ಬಂದದ್ದು ಆ ಮೇಜಿನಿಂದ.

ಐದಾರು ವರ್ಷದ ಹಿಂದೆ ಹಾಸಿಗೆ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಹತ್ತಿಯ ಧೂಳು ಎಳೆದು ಹೊರಹಾಕುವ ಫ್ಯಾನು ಬೇಕೆಂದು ಕೆಲಸಗಾರರು ಗೇಟಿನ ಮುಂದೆ ಕೂತರು. ಭಾಷಣಕ್ಕೆ ಅಪ್ಪನನ್ನು ಕರೆದರು. ತಮ್ಮನ ಗೇಟಾದರೂ ಗೇಟು ಗೇಟೇ ಎಂದು ಅಪ್ಪ ಹೋದ. ಆಡಳಿತದ ಬಂಡವಾಳ ಬಯಲು ಮಾಡುತ್ತೇನೆ ಎಂದು ಮೈಕಿನಲ್ಲಿ ಘೋಷಿಸಿ, ಆ ಬಯಲಿನಲ್ಲಿ, ತಮ್ಮನ ಧ್ವನಿಯಲ್ಲೇ ಹತ್ತು ನಿಮಿಷ ಮಾತಾಡಿದ. ಇಡೀ ಗೇಟು ನಕ್ಕಿತು. ಒಳಗೆ ಕಿಟಕಿಯ ಹಿಂದೆ ಕೂತಿದ್ದ ಚಿಕ್ಕಪ್ಪನಿಗೆ ತನ್ನ ಧ್ವನಿ ತಾನಿಲ್ಲದ ಕಡೆಯಿಂದ ಕೇಳಿಸಿತು. ಎರಡು ದಿನದಲ್ಲಿ ಫ್ಯಾನು ಬಂತು, ಮುಷ್ಕರ ಮುಗಿಯಿತು. ಮಿಮಿಕ್ರಿ ಮುಗಿಯಲಿಲ್ಲ. ಅಪ್ಪ ಸಂಘ ಬಿಡಲಿಲ್ಲ, ಚಿಕ್ಕಪ್ಪ ಅಪ್ಪನ ಸಂಗ ಬಿಟ್ಟ. ಅಂದಿನಿಂದ ಭಾನುವಾರಗಳಲ್ಲಿ ಇಬ್ಬರ ಹೆಂಡತಿಯರು ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ಇಬ್ಬರು ಗಂಡಸರೂ ಪಕ್ಕದ ಕೋಣೆಯಲ್ಲಿ ಟೀವಿ ಸಣ್ಣ ಮಾಡಿ ಕೂರುತ್ತಾರೆ.

ಗಿಣಿ ಮೊದಲು ಅಪ್ಪನನ್ನು ಕೇಳಿದಳು. ಅಪ್ಪ ಪಕ್ಕದ ಮನೆಯವರ ಟೇಬಲ್ ಫ್ಯಾನು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಒಂದು ಉದ್ದನೆಯ ಕೆಮ್ಮು ಕೆಮ್ಮಿ, ಆಮೇಲೆ ವಿಚಾರಣೆಗೆ ತೊಡಗಿದ.

"ಆ ಊರಲ್ಲಿ ಸಂಘ ಇದೆಯಾ?"

"ಇದೆ ಅಪ್ಪ."

"ಚಂದಾ ಎಷ್ಟು?"

"ಅಷ್ಟೆಲ್ಲ ಬರೆದಿಲ್ಲ."

"ಚಂದಾ ಇಲ್ಲದ ಸಂಘ, ಸ್ಕ್ರೂ ಇಲ್ಲದ ಫ್ಯಾನು. ತಿರುಗೋ ಹಾಗೆ ಕಾಣುತ್ತೆ, ಒಂದಿನ ತಲೆ ಮೇಲೆ ಬೀಳುತ್ತೆ" ಎಂದ ಅಪ್ಪ. ಆದರೆ ಬರುತ್ತೇನೆಂದ.

ಚಿಕ್ಕಪ್ಪನ ಒಪ್ಪಿಗೆ ಅವನ ಆಫೀಸಿನಲ್ಲಿ ಸಿಕ್ಕಿತು. ಮೇಜಿನ ಮೇಲೆ ಫೋಮ್ ತುಂಡುಗಳು, ಕೈಯಲ್ಲಿ ಪೆನ್ನು. ಮಾತಿಗೊಮ್ಮೆ ಪೆನ್ನಿನ ತಲೆ ಒತ್ತುವುದು, ಮಾತಿನ ಕೊನೆಗೆ 'ಅರ್ಥ ಆಯ್ತಲ್ಲ' ಎನ್ನುವುದು ಅವನ ಚಾಳಿ. ಆ ಒಡೆಯ ಕೊನೆಗೆ ಸಾಯುತ್ತಾನಾ ಎಂದು ಕೇಳಿದ. ಅದು ಆಡುವವರ ಮೇಲೆ ಹೋಗುತ್ತದೆ ಎಂದಳು ಗಿಣಿ.

"ಜನರ ಮೇಲೆ ಬಿಟ್ಟಿದೀಯಾ ಅಂದ್ರೆ ಸಾಯ್ತಾನೆ ಬಿಡು" ಎಂದು ಪೆನ್ನು ಒತ್ತಿದ. "ಬರ್ತೀನಿ. ಸಾಯೋ ಮುಂಚೆ ಎರಡು ಮಾತಾದ್ರೂ ಸರಿಯಾಗಿ ಆಡಲಿ ಅವನು. ಅರ್ಥ ಆಯ್ತಲ್ಲ."

ಒಬ್ಬ ಬರುವುದನ್ನು ಇನ್ನೊಬ್ಬನಿಗೆ ಅವಳು ಹೇಳಲಿಲ್ಲ. ಬೆಳಿಗ್ಗೆ ಅಪ್ಪ, ಮಧ್ಯಾಹ್ನದ ಮೇಲೆ ಚಿಕ್ಕಪ್ಪ ಎಂದು ಗೊತ್ತುಮಾಡಿದಳು. ತಾನು ಎದುರಿಗಿದ್ದು ನಡೆಸಬೇಕೆಂದುಕೊಂಡಿದ್ದಳು. ಆದರೆ ಅದೇ ದಿನ ದೆವ್ವದ ಪ್ರಾತಿನಿಧ್ಯದ ಮೀಟಿಂಗು ಬೆಳಿಗ್ಗೆ ಕೂತದ್ದು ಸಂಜೆಗೆ ಎದ್ದಿತು.

ಧ್ವನಿಮುದ್ರಣ ಮಾಡುವವನಿಗೆ ಮೌನಿ ಎಂದು ಹೆಸರು. ದಿನವಿಡೀ ಇತರರ ಮಾತು ಕೇಳುವ ಕೆಲಸವಾದ್ದರಿಂದ ತನ್ನದನ್ನು ಸೇರಿಸಿ ಗದ್ದಲ ಮಾಡುವುದು ಬೇಡವೆಂದು ತೀರ್ಮಾನಿಸಿದ್ದ. ಅವನ ಯಂತ್ರದಲ್ಲಿ ಪಾತ್ರದ ಹೆಸರು ಬರೆಯಲು ಒಂದೆರಡು ಅಕ್ಷರಕ್ಕಷ್ಟೇ ಜಾಗ. ಬಂಡವಾಳಿಗ 'ಬಂಡ' ಆಗಿದ್ದ. ಬಂಡಾಯಗಾರನೂ 'ಬಂಡ' ಆಗಿದ್ದ. ಕಾವಲುಗಾರ, ಕಾರಕೂನ, ಕಾಡುಮನುಷ್ಯ ಮೂವರೂ 'ಕಾ' ಆಗಿ ಹಿಂದೊಮ್ಮೆ ರಾದ್ಧಾಂತವಾಗಿದ್ದರಿಂದ ಗಿಣಿ ಎಚ್ಚರವಹಿಸಿ ಬಂಡ-೧, ಬಂಡ-೨ ಎಂದು ಅಂಕೆ ಹಾಕಿದ್ದಳು. ದೃಶ್ಯದಲ್ಲಿ ಮೊದಲು ಬಾಯಿ ತೆರೆಯುವವನು ಒಡೆಯ, ಹಾಗಾಗಿ ಅವನು ಒಂದು. ಮೌನಿಗೆ ಅದು ಗೊತ್ತಿರಲಿಲ್ಲ. ಬರುವವರು ಅಣ್ಣ ತಮ್ಮ ಎನ್ನುವುದು ಗೊತ್ತಿತ್ತು. ದೊಡ್ಡವರು ಮೊದಲು ಎಂದು ಅವನಿಗೆ ಮನೆಯಲ್ಲಿ ಕಲಿಸಿದ್ದರು. ಬಂಡ-೧ರ ಹಾಳೆಗಳನ್ನು ಅಪ್ಪನ ಕೈಗೆ ಕೊಟ್ಟ. ಬಂಡ-೨ರದ್ದನ್ನು ಚಿಕ್ಕಪ್ಪನ ಕೈಗೆ.

ಸಂಜೆ ಗಿಣಿ ಮೀಟಿಂಗಿನಿಂದ ಹೊರಬಂದಾಗ ಮೌನಿ ಬಾಗಿಲಲ್ಲಿ ನಿಂತಿದ್ದ. ಹೆಡ್‌ಫೋನ್ ಚಾಚಿ, "ಕೇಳಿ" ಎಂದ. ಅವನ ಮಟ್ಟಿಗೆ ಅದು ಭಾಷಣ.

ಮೊದಲು ಕೇಳಿದ್ದು ಚಿಕ್ಕಪ್ಪನ ಧ್ವನಿ. ಪೆನ್ನು ಒತ್ತುವ ಟಕ್ ಸದ್ದೂ ಇತ್ತು. ಮೌನಿ ಅಲ್ಲವೆಂದು ತಲೆಯಾಡಿಸಿ, ಆ ಟಕ್ ಬಾಯಲ್ಲೇ ಮಾಡಿದ್ದೆಂದು ನಾಲಿಗೆ ತೋರಿಸಿದ. ಆಮೇಲೆ ಗಿಣಿಗೆ ಹೊಳೆಯಿತು: ಅದು ಅಪ್ಪ. ಒಡೆಯನ ಮಾತುಗಳ ಹಾಳೆ ಕೈಗೆ ಬಂದಾಗ ಅಪ್ಪ ಒಂದು ನಿಮಿಷ ಅದನ್ನೇ ನೋಡಿದನಂತೆ. ಪ್ರಪಂಚದ ಬಂಡವಾಳಿಗರ ಬಗ್ಗೆ ಅವನು ಎಷ್ಟೋ ಭಾಷಣ ಮಾಡಿದ್ದರೂ, ಹತ್ತಿರದಿಂದ ಬಲ್ಲದ್ದು ಒಬ್ಬನನ್ನೇ. ಮಗಳು ಇದನ್ನೇ ಕೇಳುತ್ತಿದ್ದಾಳೆ ಎಂದುಕೊಂಡು ಶುರು ಮಾಡಿದ್ದ. ಬರೆದದ್ದನ್ನು ಮುಗಿಸಿ, ಬರೆಯದೇ ಇದ್ದದ್ದಕ್ಕೂ ಕೈ ಹಾಕಿದ್ದ.

"ಲಾಭ ಬಂದ ವರ್ಷ ಪಾಲು ಕೇಳೋಕೆ ಊರೇ ಬರುತ್ತಪ್ಪ" ಎನ್ನುತ್ತಿತ್ತು ಚಿಕ್ಕಪ್ಪನಾದ ಅಪ್ಪನ ಧ್ವನಿ. "ನಷ್ಟ ಬಂದ ವರ್ಷ ಈ ಕುಲುಮೆ ಹಿಂದೆ ಒಬ್ಬನೇ ಕೂತಿದ್ದೆ. ಅದರಲ್ಲಿ ಪಾಲು ಕೊಡು ಅಂತ ಒಬ್ಬನೂ ಕೇಳಲಿಲ್ಲ. ಅಣ್ಣನೂ ಕೇಳಲಿಲ್ಲ. ಅರ್ಥ ಆಯ್ತಲ್ಲ."

ಗಂಟೆಯೂರಿನ ಒಡೆಯನಿಗೆ ಗಿಣಿ ಅಣ್ಣನನ್ನು ಕೊಟ್ಟಿರಲಿಲ್ಲ.

ಎರಡನೆಯದು ಅಪ್ಪನ ಧ್ವನಿ, ಅಂದರೆ ಚಿಕ್ಕಪ್ಪ. ಒಳಗೆ ಬಂದವನೇ ಸದ್ದು ತಡೆಯಲು ಗೋಡೆಗೆ ಹಚ್ಚಿದ ಫೋಮನ್ನು ಹಿಸುಕಿ, ಇದು ಯಾರ ಮಾಲು, ಎರಡು ವರ್ಷ ತಡೆಯಲ್ಲ ಎಂದನಂತೆ. ಮುಂದಾಳಿನ ಹಾಳೆ ನೋಡಿ ಏನೂ ಕೇಳಲಿಲ್ಲವಂತೆ. ಅಂದು ಕಿಟಕಿಯ ಹಿಂದೆ ಕೂತು ಕೇಳಿದ್ದಕ್ಕೆ ಇಷ್ಟು ವರ್ಷದ ಮೇಲೆ ಮೈಕು ಕೈಗೆ ಬಂದಿದೆ, ಅದೂ ಅಣ್ಣನ ಮಗಳೇ ಕೊಟ್ಟಿದ್ದಾಳೆ ಎಂದುಕೊಂಡಿರಬೇಕು. ಸೇಡಿಗೆ ಕೂತವನ ಹಾಗೆ ಶುರು ಮಾಡಿದ್ದ: ಎರಡು ಸಣ್ಣ ಒಣಕೆಮ್ಮು, ಆಮೇಲೆ ಅಪ್ಪನ 'ಪ್ರಶ್ನೆ ಅದಲ್ಲ', ಆಮೇಲೆ ಯಾವುದು ಅಲ್ಲವೋ ಅದೇ ಪ್ರಶ್ನೆ. ಗಿಣಿ ನಕ್ಕುಬಿಟ್ಟಳು. ಆದರೆ ಹಾಳೆ ಮುಗಿದ ಮೇಲೂ ಧ್ವನಿ ನಿಲ್ಲಲಿಲ್ಲ, ನಗುವೂ ಮುಂದಕ್ಕೆ ಬರಲಿಲ್ಲ.

"ಗಂಟೆ ಮಾರಿದ ದುಡ್ಡಲ್ಲಿ ನಮಗೆ ಕೂಲಿ ಕೊಟ್ಟೆ, ಸರಿ. ಈ ಕೆಮ್ಮಿಗೆ ಯಾರು ಕೂಲಿ ಕೊಟ್ಟರು? ಮನೆಗೆ ಹೋದ ಮೇಲೂ ಇದು ಡ್ಯೂಟಿ ಮಾಡುತ್ತೆ. ರಜಾ ಇಲ್ಲ. ನಿನ್ನ ಕಿಟಕಿ ಮುಚ್ಚಿದ್ರೂ ಇದು ಕೇಳುತ್ತೆ, ಕೇಳಲ್ಲ ಅಂತ ಮಾತ್ರ ಹೇಳಬೇಡ."

ಆ ಎರಡು ಸಣ್ಣ ಕೆಮ್ಮಿನಲ್ಲಿ ಗಿಣಿಗೆ ಏನೋ ಹಳೆಯ ಕಾಲದ್ದು ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ.

ತಪ್ಪು ತಿದ್ದಲು ಸಮಯವಿರಲಿಲ್ಲ, ಮರುದಿನವೇ ಟೆಸ್ಟು. ಎರಡನ್ನೂ ಹಾಗೇ ಜೋಡಿಸಿ ಹಾಕಿದರು.

ಹುಡುಗ ಹುಡುಗಿಯರು ಆಡುತ್ತ ಆ ದೃಶ್ಯಕ್ಕೆ ಬಂದರು. ಹೆಬ್ಬೆರಳುಗಳು ಅಭ್ಯಾಸಬಲದಿಂದ ಎದ್ದವು, ಅರ್ಧದಲ್ಲಿ ನಿಂತವು. ಒಬ್ಬಳು ಬಿಸ್ಕತ್ತು ಅದ್ದಿದವಳು ಅದು ಟೀಯೊಳಗೆ ಕಳಚಿ ಬಿದ್ದದ್ದನ್ನು ನೋಡಲಿಲ್ಲ. ವಾದ ಮುಗಿದು ಯಾರ ಪಕ್ಷವೆಂದು ಆಟ ಕೇಳಿದಾಗ, ಒಬ್ಬ ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಕೇಳತೊಡಗಿದ. ಇನ್ನೊಬ್ಬಳು ಹೆಡ್‌ಫೋನ್ ತೆಗೆದು, ಇವರಿಬ್ಬರು ಬೇರೆ ಎಲ್ಲಾದರೂ ಜಗಳ ಆಡುತ್ತಾರಾ ಎಂದು ಕೇಳಿದಳು. ಸ್ಕಿಪ್ಪಯ್ಯ ಟೀ ಲೋಟ ಕೆಳಗಿಟ್ಟು, ಸ್ಕಿಪ್ ಗುಂಡಿ ಕೆಟ್ಟಿದೆಯೇನೋ ನೋಡಿ ಎಂದ. ನೋಡಿದರು. ಗುಂಡಿ ಚೆನ್ನಾಗಿತ್ತು.

ಅಂದೇ ಮಧ್ಯಾಹ್ನ ಅವನು ಗಿಣಿಯನ್ನು ಕರೆದು, ದೃಶ್ಯ ಇರಲಿ ಎಂದ. ಇರುವುದಷ್ಟೇ ಅಲ್ಲ, ಇಂಥ ಇನ್ನೂ ನಾಲ್ಕೈದು ಜಗಳ ಮಾಡಿಸಿ ಬೇರೆಯಾಗಿ ಮಾರೋಣ ಎಂದ. ಬಂಡವಾಳಶಾಹಿ ಬೇಕೇ ಬೇಡವೇ ಎನ್ನುವ ಹೆಚ್ಚುವರಿ ವಾದ, ಬೇಕಾದವರು ಹೆಚ್ಚು ಕೊಟ್ಟು ಕೊಳ್ಳಬಹುದು. ಅವನ ಮುಖದಲ್ಲಿ ವ್ಯಂಗ್ಯದ ಲವಲೇಶವೂ ಇರಲಿಲ್ಲ.

ಅಡ್ಡ ಬಂದವನು ಪ್ರಾತಿನಿಧ್ಯ. ಧ್ವನಿ ಅದಲುಬದಲಾದದ್ದು ಅವನಿಗೆ ಮೌನಿಯಿಂದ ತಿಳಿಯಿತು. ಮೌನಿ ಒಂದು ತಿಂಗಳ ಮಾತನ್ನು ಅದಕ್ಕೇ ಖರ್ಚು ಮಾಡಿದ್ದ. ಪ್ರಾತಿನಿಧ್ಯ ಸಿಟ್ಟಾಗಲಿಲ್ಲ. ಕಾರ್ಮಿಕನ ನೋವನ್ನು ಮಾಲೀಕ ಹೇಳುವುದು, ಮಾಲೀಕನ ಒಂಟಿತನವನ್ನು ಕಾರ್ಮಿಕ ಹೇಳುವುದು, ಇದು ತನ್ನ ಎಲ್ಲ ನಿಯಮಕ್ಕೂ ವಿರುದ್ಧ, ಆದರೂ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದೇನೆ ಎಂದು ಒಪ್ಪಿಕೊಂಡ. ಆಮೇಲೆ ಕೇಳಿದ:

"ಒಬ್ರು ಇನ್ನೊಬ್ರನ್ನ ಆಡಿದ್ದನ್ನ ಅವರು ಕೇಳಿದಾರಾ?"

ಗಿಣಿ ಇಲ್ಲವೆಂದಳು.

"ಹಾಗಾದ್ರೆ ಅವರ ಬೆನ್ನ ಹಿಂದೆ ಅವರನ್ನ ಊರಿಗೆಲ್ಲ ಕೇಳಿಸ್ತಿದೀವಿ ಅಂತಾಯ್ತು. ಇಬ್ರೂ ಕೂತು ಕೇಳಲಿ. ಇಬ್ರೂ ಒಪ್ಪಿದ್ರೆ ಇರಲಿ. ಒಬ್ರು ಬೇಡ ಅಂದ್ರೂ ಇದು ಹೊರಗೆ ಹೋಗೋಕೆ ನಾನು ಬಿಡಲ್ಲ."

ಅವನ ಎಲ್ಲ ಮೀಟಿಂಗುಗಳ ಮೇಲೂ ನಗುತ್ತಿದ್ದ ಗಿಣಿಗೆ ಇದರ ಮೇಲೆ ನಗಲಾಗಲಿಲ್ಲ. ಗೇಟಿನ ಮುಂದೆ ನಡೆದದ್ದು ಇದೇ. ಈಗ ಅವಳು ಮಾಡಹೊರಟಿದ್ದದ್ದು ಅದನ್ನೇ, ಇನ್ನೂ ದೊಡ್ಡ ಮೈಕಿನಲ್ಲಿ. ಒಬ್ಬ ಬೇಡವೆಂದರೆ ಜಗಳ ಮತ್ತೆ ಮರ್ಯಾದೆಯದಾಗುತ್ತದೆ, ಜನ ದಾಟುತ್ತಾರೆ, ಎರಡು ಗುಂಡಿ ಬರುತ್ತವೆ. ಅದು ಆಟದೊಳಗಿನ ಲೆಕ್ಕ. ಆಟದ ಹೊರಗಿನದನ್ನು ಅವಳು ಯೋಚಿಸಲು ಹೋಗಲಿಲ್ಲ.

ಅಮ್ಮನಿಗೆ ವಿಷಯ ಹೇಳಿದಳು. ಅಮ್ಮ ಚಿಕ್ಕಮ್ಮನಿಗೆ ಫೋನು ಮಾಡಿದಳು. ಎರಡೂ ಮನೆಯ ಟೀವಿಗಳು ಅಂದು ಪೂರ್ತಿ ಆರಿದ್ದವು.

ಇಬ್ಬರೂ ಮೌನಿಯ ಕೋಣೆಗೆ ಬಂದರು. ಮೊದಲು ಬಂದ ಅಪ್ಪ ಬಾಗಿಲ ಬಳಿಯ ಕುರ್ಚಿ ಹಿಡಿದ. ಚಿಕ್ಕಪ್ಪ ಬಂದು ಮೌನಿಗೆ, ಗಿಣಿಗೆ, ಗೋಡೆಗೆ ನಮಸ್ಕಾರ ಮಾಡಿ ಆಚೆ ತುದಿಯಲ್ಲಿ ಕೂತ. ನಡುವೆ ಎರಡು ಖಾಲಿ ಕುರ್ಚಿ. ಒಂದರಲ್ಲಿ ಗಿಣಿ ಕೂರಬಹುದಿತ್ತು, ಕೂರಲಿಲ್ಲ. ಏನಾಯಿತು, ಹಾಳೆ ಹೇಗೆ ಅದಲುಬದಲಾಯಿತು ಎಂದು ಬಿಡಿಸಿ ಹೇಳಿದಳು. ಬೇಕೆಂದು ಮಾಡಿದ್ದಲ್ಲ ಎಂದೂ ಹೇಳಿದಳು. ಇಬ್ಬರ ಮುಖವೂ ಒಂದೇ ಸಮನೆ ಸಪ್ಪಗಾಯಿತು. ಬೇಕೆಂದೇ ಕೊಟ್ಟದ್ದೆಂದು ಇಬ್ಬರೂ ನಂಬಿದ್ದರು.

ಮೌನಿ ಮೊದಲು ಅಪ್ಪ ಆಡಿದ್ದನ್ನು ಹಾಕಿದ.

ಚಿಕ್ಕಪ್ಪ ಕೈ ಎರಡನ್ನೂ ಮಂಡಿಯ ಮೇಲಿಟ್ಟುಕೊಂಡು ಕೇಳಿದ. ಪೆನ್ನಿನ ಟಕ್ ಬಂದಾಗ ಜೇಬಿನ ಪೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕುಲುಮೆ ಹಿಂದೆ ಒಬ್ಬನೇ ಕೂತಿದ್ದೆ ಎನ್ನುವುದು ಬಂತು. ಅಣ್ಣನೂ ಕೇಳಲಿಲ್ಲ ಎನ್ನುವುದು ಬಂತು. ಮುಗಿದ ಮೇಲೆ ಅವನು ಗಿಣಿಯ ಕಡೆ ತಿರುಗಿದ.

"ಆ ನಷ್ಟದ್ದು ನೀನು ಬರೆದಿದ್ದಾ, ಗಿಣಿ?"

"ಇಲ್ಲ ಚಿಕ್ಕಪ್ಪ. ಅಪ್ಪನೇ ಸೇರಿಸಿದ್ದು."

ಚಿಕ್ಕಪ್ಪ ಗೋಡೆಯ ಫೋಮಿನ ಕಡೆ ತಿರುಗಿದ. ಆಮೇಲೆ ಗೋಡೆಗೇ ಹೇಳಿದ:

"ಗೇಟಲ್ಲಿ ಇದು ಇರಲಿಲ್ಲ."

"ಗೇಟಲ್ಲಿ ಟೈಮ್ ಇರಲಿಲ್ಲ" ಎಂದ ಅಪ್ಪ, ಬಾಗಿಲಿಗೆ.

ಅಣ್ಣತಮ್ಮಂದಿರು ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ನಡುವೆ ಗೋಡೆ, ಬಾಗಿಲು ಎರಡೂ ಬೇಕಾದವು. ಮೌನಿ ಕೇಳಿದವರಿಲ್ಲದಿದ್ದರೂ ಎರಡನೆಯದನ್ನು ಹಾಕಿಬಿಟ್ಟ.

ಅಪ್ಪ ಕಣ್ಣು ಮುಚ್ಚಿ ಕೇಳಿದ, ಇಂಜಿನ್ನಿನ ಸದ್ದು ಕೇಳುವ ಹಾಗೆ. 'ಪ್ರಶ್ನೆ ಅದಲ್ಲ' ಬಂದಾಗ ತುಟಿ ಒಂದಿಷ್ಟು ಅಲುಗಿತು. ಕೆಮ್ಮಿಗೆ ಕೂಲಿ ಯಾರು ಕೊಟ್ಟರು ಎನ್ನುವಾಗ ಅಲುಗುವುದು ನಿಂತಿತು. ಮುಗಿದ ಮೇಲೂ ಕಣ್ಣು ಮುಚ್ಚಿಯೇ ಇದ್ದ. ಗಿಣಿ ತನ್ನ ಎರಡು ವರ್ಷದ ಕೆಲಸ ಆ ರೆಪ್ಪೆಗಳ ಹಿಂದೆ ಎಲ್ಲೋ ಕೂತಿದೆ ಎಂದು ನೋಡುತ್ತ ನಿಂತಳು.

"ಕೆಮ್ಮು ತಪ್ಪು" ಎಂದ ಅಪ್ಪ.

ಚಿಕ್ಕಪ್ಪ ಈಗ ಗೋಡೆ ಬಿಟ್ಟು ಅಣ್ಣನ ಕಡೆಗೇ ತಿರುಗಿದ. "ಏನು ತಪ್ಪು? ಎರಡು ಸಣ್ಣದು, ಆಮೇಲೆ ಮಾತು. ಚಿಕ್ಕಂದಿನಿಂದ ಕೇಳಿಲ್ವಾ ನಾನು."

"ಅದು ಡಿಪೋ ಕಾಲದ್ದು. ಈಗ ಹಾಗೆ ಬರಲ್ಲ. ಈಗಿಂದು ಒಂದೇ, ಉದ್ದ. ಕೆಳಗಿಂದ ಬರುತ್ತೆ."

"ಅದು ನಂಗೆ ಹೇಗೆ ಗೊತ್ತಾಗಬೇಕು" ಎಂದ ಚಿಕ್ಕಪ್ಪ. "ನಿನ್ನ ಕೆಮ್ಮು ಕೇಳಿ ಐದಾರು ವರ್ಷ ಆಯ್ತು."

ಗಿಣಿಗೆ ಆ ಹಳೆಯ ಕಾಲದ್ದು ಏನೆಂದು ಈಗ ಗೊತ್ತಾಯಿತು. ಮೌನಿ ಯಂತ್ರದ ಮೇಲಿಂದ ಇಲ್ಲದ ಧೂಳನ್ನು ಒರೆಸಿದ.

ಅಷ್ಟರಲ್ಲಿ ಸ್ಕಿಪ್ಪಯ್ಯ ಒಳಗೆ ಬಂದ. ಒಪ್ಪಿಗೆ ಆಯಿತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ದಾಟಿ, ಹೆಚ್ಚುವರಿ ವಾದಗಳ ಯೋಜನೆ ವಿವರಿಸಿದ. ಜಗಳವನ್ನು ಬಿಡಿಯಾಗಿ ಮಾರುವುದು ಸರಿಯೇ ಎಂದು ಅಪ್ಪ ಒಂದು ತತ್ವದ ಪ್ರಶ್ನೆ ಎತ್ತಬಹುದೆಂದು ಗಿಣಿ ಕಾದಳು. ಅಪ್ಪ ಕೇಳಿದ್ದು, ಧ್ವನಿ ಕೊಟ್ಟವರಿಗೆ ಪಾಲು ಎಷ್ಟು, ಬರಹಗಾರ್ತಿಗೆ ಎಷ್ಟು, ಬರವಣಿಗೆಯಲ್ಲಿ ಕೊಡುತ್ತೀರಾ ಎಂದು. ಚಿಕ್ಕಪ್ಪ ಕೈ ಅಡ್ಡ ಹಿಡಿದು, ಮೊದಲ ಜಗಳ ಪುಕ್ಕಟೆ ಕೊಡಬೇಕಪ್ಪ, ಮಲಗಿ ನೋಡದೆ ಯಾರೂ ಹಾಸಿಗೆ ಕೊಳ್ಳಲ್ಲ ಎಂದ. ಪುಕ್ಕಟೆ ದುಡಿಸೋದು ನಿನಗೆ ಹೊಸದಾ ಎಂದ ಅಪ್ಪ. ಸ್ಕಿಪ್ಪಯ್ಯ ಇಬ್ಬರನ್ನೂ ನೋಡಿ, ಇದು ರೆಕಾರ್ಡ್ ಆಗುತ್ತಿದೆಯೇ ಎಂದು ಮೌನಿಯನ್ನು ಕೇಳಿದ.

ಚಿಕ್ಕಪ್ಪ ಎದ್ದ. "ಆ ವಿಷಯ ಆಮೇಲೆ. ಇವನು ನನ್ನನ್ನ ಆಡಿದ್ದು ಇರಲಿ, ನಂದೇನೂ ಅಭ್ಯಂತರ ಇಲ್ಲ. ನಾನು ಇವನನ್ನ ಆಡಿದ್ದು ಮಾತ್ರ ಇನ್ನೊಂದ್ಸಲ ಮಾಡಬೇಕು. ತಪ್ಪು ಮಾಲು ನನ್ನ ಹೆಸರಲ್ಲಿ ಹೊರಗೆ ಹೋಗಬಾರದು. ಅರ್ಥ ಆಯ್ತಲ್ಲ."

"ನಂದೂ ಅಭ್ಯಂತರ ಇಲ್ಲ" ಎಂದ ಅಪ್ಪ. "ಕೆಮ್ಮು ಸರಿಹೋದ್ರೆ."

ಇಬ್ಬರೂ ಧ್ವನಿಮುದ್ರಣದ ಗಾಜಿನ ಕೋಣೆಯೊಳಗೆ ಹೋದರು. ಒಬ್ಬರಿಗೆಂದು ಮಾಡಿದ ಕೋಣೆ. ಇಬ್ಬರು ದೊಡ್ಡ ದೇಹದವರು ಒಂದು ಮೈಕಿನ ಆಚೀಚೆ ಎದೆಗೆ ಎದೆ ತಾಗುವಂತೆ ನಿಲ್ಲಬೇಕಾಯಿತು. ಪ್ರಾತಿನಿಧ್ಯ ಸುದ್ದಿ ತಿಳಿದು ಬಂದು ಗಾಜಿಗೆ ಮೂಗು ಹಚ್ಚಿದ. ಒಳಗಿನ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಒಂದ್ಸಲ ಕೆಮ್ಮು, ನೋಡೋಣ" ಎಂದ ಚಿಕ್ಕಪ್ಪ.

ಅಪ್ಪ ಕೆಮ್ಮಿದ. ಗಂಟಲು ಸರಿಮಾಡಿಕೊಂಡ ಹಾಗೆ ಬಂತು. ಮತ್ತೆ ಕೆಮ್ಮಿದ. ನಾಟಕದಲ್ಲಿ ಪರದೆಯ ಹಿಂದೆ ಇನ್ನೊಬ್ಬರಿದ್ದಾರೆಂದು ಸೂಚಿಸುವ ಕೆಮ್ಮಿನಂತಿತ್ತು. ಹಗಲು ರಾತ್ರಿ ಡ್ಯೂಟಿ ಮಾಡುವ ಕೆಮ್ಮು, ಕರೆದಾಗ ಮುಷ್ಕರ ಹೂಡಿತ್ತು.

"ಸುಮ್ಮಸುಮ್ಮನೆ ಬರಲ್ಲ ಅದು" ಎಂದ ಅಪ್ಪ. "ಜಗಳ ಕಾವೇರಬೇಕು."

"ಯಾವುದರ ಮೇಲೆ ಆಡೋಣ?"

"ನೀನು ಹಾಕಿಸಿದೆಯಲ್ಲ ಆ ಫ್ಯಾನು, ಈಗಲೂ ತಿರುಗುತ್ತಾ?"

"ತಿರುಗುತ್ತೆ."

"ದಿನಕ್ಕೆ ಎಷ್ಟು ಹೊತ್ತು?"

ಚಿಕ್ಕಪ್ಪ ಜೇಬಿನಿಂದ ಪೆನ್ನು ತೆಗೆದ. "ನೋಡಣ್ಣ, ಕರೆಂಟಿನ ದರ ಎಷ್ಟಾಗಿದೆ ಗೊತ್ತಾ ನಿಂಗೆ" ಎಂದು ಶುರು ಮಾಡಿದ. ಪ್ರಶ್ನೆ ಅದಲ್ಲ ಎಂದ ಅಪ್ಪ. ಹಾಗಾದರೆ ಯಾವುದು ಎಂದ ಚಿಕ್ಕಪ್ಪ. ಅಪ್ಪ ಅದನ್ನೇ ಇನ್ನೂ ಜೋರಾಗಿ ಕೇಳಿದ. ಮೌನಿ ಕೆಂಪು ಗುಂಡಿ ಒತ್ತಿದ. ಫ್ಯಾನಿನಿಂದ ಹತ್ತಿಗೆ, ಹತ್ತಿಯಿಂದ ಅಜ್ಜ ಇಬ್ಬರಲ್ಲಿ ಯಾರಿಗೆ ಸೈಕಲ್ ಕೊಡಿಸಿದ್ದ ಎನ್ನುವುದಕ್ಕೆ, ಅಲ್ಲಿಂದ ಉತ್ಪಾದನೆಯ ಸಾಧನಗಳ ಒಡೆತನಕ್ಕೆ ವಾದ ಹೋಯಿತು. ಸೈಕಲ್ಲಿನ ಚೈನು ಹಾಕಿದವನು ಯಾರು ಎನ್ನುವಲ್ಲಿ ಅದು ಬಂತು. ಒಂದೇ, ಉದ್ದ, ಕೆಳಗಿನಿಂದ.

ಮೌನಿ ಗಾಜಿನ ಈಚೆಯಿಂದ ಹೆಬ್ಬೆರಳು ಎತ್ತಿ, ಸಿಕ್ಕಿತು ಎಂದು ತೋರಿಸಿದ. ಒಳಗೆ ಇಬ್ಬರೂ ನೋಡಲಿಲ್ಲ. ಚಿಕ್ಕಪ್ಪ ಬಲಗೈಯಲ್ಲಿ ಅಣ್ಣನ ಬೆನ್ನು ತಟ್ಟುತ್ತ, ಎಡಗೈಯ ಪೆನ್ನು ಒತ್ತುತ್ತ, ಚೈನು ತಾನೇ ಹಾಕಿದ್ದೆಂದು ಹೇಳುತ್ತಿದ್ದ.